ಹಲ್ಲು ನೋಡಿ ಆರಿಸಿದ ಎಸ್‌ಎಸ್‌ಡಿ ಅವರ ಸನ್ನಿಧಿಗೆ

ಮಾನ್ಯ ಸಾಲಿಡ್ ಸ್ಟೇಟ್ ಡ್ರೈವ್ ಅವರೇ,

ಕೂಟಗಲ್ಲಿನ ಮುನಿಶಾಮಯ್ಯನವರ ಸೊಸೆ, ಊರವರ ಮದುವೆ ವಿಡಿಯೊಗಳನ್ನು ಕತ್ತರಿಸಿ ಅಂಟಿಸಿ ಹೊಟ್ಟೆ ಹೊರೆಯುವ ನಯನಾ ಎಂಬುವಳು ಎರಡೂ ಕೈ ಜೋಡಿಸಿ, ಸ್ಕ್ರೂ ಡ್ರೈವರನ್ನು ಕೆಳಗಿಟ್ಟು ಮಾಡುವ ನಮಸ್ಕಾರಗಳು. ನಮ್ಮ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಇದನ್ನು ಬರೀ ಶಿಷ್ಟಾಚಾರಕ್ಕೆ ಬರೆದಿದ್ದಲ್ಲ ಮಾನ್ಯರೇ, ತಾವು ಕ್ಷೇಮವೋ ಅಲ್ಲವೋ ಎಂದು ತಿಳಿಯುವ ದಾರಿಯನ್ನೇ ತಾವು ಇಟ್ಟಿಲ್ಲ. ತಮಗಿಂತ ಮುಂಚೆ ನಮ್ಮಲ್ಲಿದ್ದ ಹಾರ್ಡ್ ಡಿಸ್ಕು ಎದ್ದಾಗ ಗೊರಗುಟ್ಟುತ್ತಿತ್ತು, ಕೆಲಸ ಹೆಚ್ಚಾದರೆ ಏದುಸಿರು ಬಿಡುತ್ತಿತ್ತು, ಕಾಯಿಲೆ ಬಿದ್ದ ಮೇಲಂತೂ ಟಿಕ್ ಟಿಕ್ ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ನರಳಿತು. ತಾವಾದರೋ ಇದ್ದರೂ ಸದ್ದಿಲ್ಲ, ಹೋದರೂ ಸದ್ದಿಲ್ಲ ಎಂಬ ಕುಲದವರು. ತಮ್ಮ ಈ ಗಾಂಭೀರ್ಯಕ್ಕೆ ಮೊದಲು ಒಂದು ಮೆಚ್ಚುಗೆ ಸಲ್ಲಿಸಿ, ಆಮೇಲೆ ದೂರಿಗೆ ಬರುತ್ತೇನೆ.

ತಮ್ಮನ್ನು ಕರೆತರುವ ಗರಜು ನಮಗೆ ಬಂದದ್ದು ಏಕೆಂದು ಹೇಳಬೇಕು. ನನ್ನ ಅತ್ತೆ ದೊಡ್ಡಲಕ್ಷ್ಮಮ್ಮನವರು ಸೋಬಾನೆ ಹೇಳಲು ನಿಂತರೆ ಸುತ್ತಲಿನ ಊರುಗಳ ಚಪ್ಪರಗಳೆಲ್ಲ ಸುಮ್ಮನಾಗುತ್ತಿದ್ದವು. ಹೋದ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಅವರಿಗಿರುವುದು ಹತ್ತಿರ ಕೂತವರಿಗೆ ಮಾತ್ರ ಕೇಳುವ ಪಿಸುಮಾತು. ಈ ತಿಂಗಳ ಕೊನೆಗೆ ನನ್ನ ನಾದಿನಿ, ಅಂದರೆ ಅವರ ಒಬ್ಬಳೇ ಮಗಳು ಶ್ವೇತಳ ಮದುವೆ. ಊರಿನ ಮಕ್ಕಳಿಗೆಲ್ಲ ಸೋಬಾನೆ ಹೇಳಿದ ತಾಯಿ ತನ್ನ ಮಗಳ ಹಸೆಮಣೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕಲ್ಲ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಅದೇ ಸಂಕಟ. ಆಗ ನನಗೆ ನೆನಪಾದದ್ದು ನನ್ನದೇ ಮದುವೆಯ ವಿಡಿಯೊ. ಅದರಲ್ಲಿ ಅತ್ತೆ ಮೊದಲಿನಿಂದ ಕೊನೆಯವರೆಗೆ ಹಾಡಿದ್ದಾರೆ. ಅದನ್ನು ತೆಗೆದ ರಾಮನಗರದ ಆಫ್ತಾಬ್ ಅವರ ಸ್ಟುಡಿಯೊಗೆ ಮಳೆನೀರು ನುಗ್ಗಿದಾಗ ಅವರ ಪ್ರತಿ ಹಾಳಾಯಿತು. ಉಳಿದಿದ್ದು ಒಂದೇ, ಅದು ನಮ್ಮ ನರಳುವ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಹೊತ್ತಿದ್ದ ಕಂಪ್ಯೂಟರ್ ಆಗಲೇ ಕಣ್ಣು ಮುಚ್ಚಿತ್ತು. ರಾಮನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮನೋಹರ್ ಡಿಸ್ಕನ್ನು ಕಿವಿಗೆ ಹಿಡಿದು, "ಅಕ್ಕಾ, ಇದು ಇನ್ನೊಂದ್ ಸಲ ಓಡುದ್ರೆ ನಿಮ್ ಪುಣ್ಯ. ಹೊಸಾದು ರೆಡಿ ಮಾಡ್ಕಂಡು ಒಂದೇ ಏಟಿಗೆ ಈಚೆ ತೆಕ್ಕಬುಡಿ" ಎಂದರು. ಹೀಗೆ ತಮ್ಮ ಆಯ್ಕೆಯ ಭಾರ ನನ್ನ ತಲೆಗೆ ಬಿತ್ತು.

ಮಾನ್ಯರೇ, ತಮ್ಮನ್ನು ಆರಿಸುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ನಾನು ಅದಕ್ಕಿಂತ ಸುಲಭವಾದ ಲೋಕಸೇವಾ ಪರೀಕ್ಷೆಗೆ ಕೂರುತ್ತಿದ್ದೆ. ತಮ್ಮ ವಂಶದವರ ಹೆಸರುಗಳನ್ನು ಇಟ್ಟ ಮಹನೀಯರಿಗೆ ಸನ್ಮಾನವಾಗಬೇಕು. ಪ್ರೊ, ಪ್ಲಸ್, ಇವೊ, ಪ್ರೊ ಪ್ಲಸ್, ಅದರ ಹಿಂದೆ ಗಾಡಿಯ ನಂಬರಿನ ಹಾಗೆ ಒಂದಷ್ಟು ಅಂಕಿ, ಕೊನೆಯಲ್ಲಿ ಒಂದು ಎಕ್ಸ್. ಎಲ್ಲರ ಪೆಟ್ಟಿಗೆಯ ಮೇಲೂ ವೇಗದ ಮುಂದೆ ಚಿಕ್ಕ ಅಕ್ಷರದಲ್ಲಿ 'ವರೆಗೆ' ಎಂದಿರುತ್ತದೆ. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಹೇಳುವವರೂ ಈ ಪದವನ್ನೇ ನುಂಗಿ ಹೇಳುವುದರಿಂದ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಇಂಟರ್‌ನೆಟ್ಟಿನಲ್ಲಿ ಒಬ್ಬರು ತಮ್ಮನ್ನು ಕೊಳ್ಳದವರು ಮೂರ್ಖರು ಎಂದರೆ, ಅವರ ಕೆಳಗೇ ಇನ್ನೊಬ್ಬರು ಕೊಂಡವರು ಮೂರ್ಖರು ಎಂದು ಬರೆದಿದ್ದರು. ಇಬ್ಬರಿಗೂ ಸಮನಾಗಿ ಲೈಕು ಬಿದ್ದಿತ್ತು. ಇಬ್ಬರ ಮಾತಿನಂತೆಯೂ ನಾನು ಮೂರ್ಖಳೇ ಎಂದು ಖಾತ್ರಿಯಾದ ಮೇಲೆ ಫೋನ್ ಬದಿಗಿಟ್ಟು ಅಂಗಡಿಗೆ ಹೊರಟೆ.

ನಮ್ಮ ಕಡೆ ಬೆಲೆಬಾಳುವ ಯಾವುದನ್ನೂ ಒಬ್ಬರೇ ಹೋಗಿ ತರುವ ಪದ್ಧತಿಯಿಲ್ಲ. ಹೆಣ್ಣಾಗಲಿ, ಎತ್ತಾಗಲಿ, ಬೋರ್‌ವೆಲ್ಲಿನ ಮೋಟರಾಗಲಿ, ಹಿರಿಯರು ಒಬ್ಬರು ಬಂದು ನೋಡಬೇಕು. ಹಾಗಾಗಿ ನನ್ನ ಮಾವ ಮುನಿಶಾಮಯ್ಯನವರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ಕೂಟರಿನ ಹಿಂದೆ ಕೂತರು. ಕೋಡಿಹಳ್ಳಿ ಕಡೆಯವರೂ ಎತ್ತು ಕೊಳ್ಳುವಾಗ ಇವರನ್ನು ಕರೆಸಿಕೊಳ್ಳುತ್ತಾರೆ ಎಂಬುದು ಅವರ ದೊಡ್ಡ ಹೆಮ್ಮೆ. ಮನೋಹರ್ ಟೇಬಲ್ಲಿನ ಮೇಲೆ ತಮ್ಮನ್ನೂ ತಮ್ಮ ದಾಯಾದಿಯೊಬ್ಬರನ್ನೂ ಬಿಚ್ಚಿಟ್ಟರು. ಇಬ್ಬರದೂ ಒಂದೇ ಉದ್ದ, ಒಂದೇ ಬಣ್ಣ, ಆದರೆ ಒಬ್ಬರು ಇನ್ನೊಬ್ಬರಿಗಿಂತ ಹಲವು ಪಟ್ಟು ವೇಗವೆಂದರು. ಮಾವ ಮೊದಲು ತಮ್ಮನ್ನು ರೇಷ್ಮೆಗೂಡಿನ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳುವಿನ ಸದ್ದು ಬರದಿದ್ದಾಗ ಮುಖ ಕಿವುಚಿದರು. ಆಮೇಲೆ ತಿರುಗಿಸಿ, ತಮ್ಮ ತುದಿಯಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಕಂಡು ಕನ್ನಡಕ ಏರಿಸಿದರು. "ಹಲ್ಲು ನೋಡವ್ವಾ. ಇದ್ರಲ್ಲಿ ಒಂದೇ ಸಂದು ಐತೆ, ಅದ್ರಲ್ಲಿ ಎಲ್ಡು ಸಂದು ಬುಟ್ಟೈತೆ. ಹಲ್ಲು ಹೋಗಿರೋದ್ನ ಯಾರಾನಾ ಮನೆಗೆ ಹೊಡ್ಕಂಡ್ ಬತ್ತಾರಾ?" ಎಂದರು. ಮನೋಹರ್ ಎರಡನ್ನೂ ಮತ್ತೊಮ್ಮೆ ತಿರುಗಿಸಿ ನೋಡಿದರು. ಆಮೇಲೆ, "ಅಕ್ಕಾ, ಯಜಮಾನ್ರು ತೋರ್ಸಿರೋದೇ ಸ್ಪೀಡಿಂದು. ಹೆಂಗೆ ಗೊತ್ತಾಯ್ತು ಅಂತ ಮಾತ್ರ ನನ್ ಕೇಳ್ಬ್ಯಾಡಿ" ಎಂದರು. ಜಗತ್ತಿನ ಇಂಜಿನಿಯರುಗಳೆಲ್ಲ ಸೇರಿ ರೂಪಿಸಿದ ತಮ್ಮ ಕುಲಗೋತ್ರವನ್ನು ಎತ್ತಿನ ಹಲ್ಲಿನ ಲೆಕ್ಕದಲ್ಲಿ ತೀರ್ಮಾನಿಸಿದ್ದಕ್ಕೆ ತಮಗೆ ಬೇಸರವಾಗಿದ್ದರೆ ಕ್ಷಮಿಸಬೇಕು. ಮಾವನವರಂತೂ ಆವತ್ತಿನಿಂದ ಇಡೀ ಊರಿಗೆ ಕಂಪ್ಯೂಟರ್ ಸಲಹೆ ಕೊಡುತ್ತಿದ್ದಾರೆ.

ಇನ್ನು ತಮ್ಮ ಮೇಲಿನ ಮುಖ್ಯ ಆಪಾದನೆಗೆ ಬರುತ್ತೇನೆ. ಹೊಸದಾಗಿ ಮನೆಗೆ ಬರುವ ಯಂತ್ರ ಕೆಂಗಲ್ ಆಂಜನೇಯನ ಮುಂದೆ ಹಾಜರಿ ಹಾಕದೆ ಹೊಸಿಲು ದಾಟುವುದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ದಾರಿ ಸುತ್ತಾದರೂ ಹೋದೆವು. ನಾನು ಹಣ್ಣುಕಾಯಿ ತರಲು ಹೋದಾಗ, ಪೂಜೆ ಆಗಬೇಕಾದ್ದು ರಟ್ಟಿನ ಡಬ್ಬಿಗಲ್ಲ, ಒಳಗಿರುವವರಿಗೆ ಎಂದು ಮಾವನವರು ತಮ್ಮನ್ನು ಹೊರಗೆ ತೆಗೆದು, ಅರಿಸಿನ ಕುಂಕುಮ ಕಲಸಿ, ತಮ್ಮ ಮೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುವ ಆ ಚಿನ್ನದ ತುದಿಗೇ ಹಚ್ಚಿ, ಒಣಗಿಸಿ, ಮತ್ತೆ ಡಬ್ಬಿಗಿಟ್ಟರು. ನನಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಮಾವನವರೇ ತಮ್ಮನ್ನು ಭಕ್ತಿಯಿಂದ ತೆಗೆದು, ನಾನು ತೋರಿಸಿದ ಜಾಗದಲ್ಲಿ ಕೂರಿಸಿದರು. ನಾನು ಸ್ಕ್ರೂ ಬಿಗಿದು, ಹಳೆಯ ಡಿಸ್ಕಿನ ತಂತಿಯನ್ನೂ ಚುಚ್ಚಿ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಹಳೆಯ ಡಿಸ್ಕು ನರಳಲು ಶುರು ಮಾಡಿತು, ಪರದೆಯ ಮೇಲೆ ಹೊಸ ಡ್ರೈವ್ ಎಂಬುದೇ ಇಲ್ಲ ಎಂದು ಬಂತು. ತಾವು ಇಲ್ಲವಂತೆ. ಆ ಟಿಕ್ ಟಿಕ್ ಒಂದೊಂದಕ್ಕೂ ಅತ್ತೆಯ ದನಿ ಸವೆದು ಹೋಗುತ್ತಿದೆ ಎನ್ನಿಸಿ ತಂತಿ ಕಿತ್ತು ಎಸೆದೆ. ಆ ಹೊತ್ತಿನಲ್ಲಿ ತಮಗೆ ನಾನು ಅಂದ ಮಾತುಗಳು ಈ ಪತ್ರದಲ್ಲಿ ಬರೆಯುವಂಥವಲ್ಲ.

ತಮ್ಮನ್ನು ಬಿಚ್ಚಿ ನೋಡಿದಾಗ ಬಾಯಿ ತುಂಬ ಕುಂಕುಮ. ಮಾನ್ಯರೇ, ತಮ್ಮ ಜೊತೆ ಬಂದ ಸೂಚನಾ ಚೀಟಿಯಲ್ಲಿ ನೀರು, ಧೂಳು, ಬಿಸಿಲು, ಆಯಸ್ಕಾಂತ ಎಲ್ಲದರ ಎಚ್ಚರಿಕೆಯೂ ಹಲವು ಭಾಷೆಗಳಲ್ಲಿದೆ, ಕುಂಕುಮದ ಮಾತು ಯಾವ ಭಾಷೆಯಲ್ಲೂ ಇಲ್ಲ. ಈ ದೇಶದಲ್ಲಿ ವ್ಯಾಪಾರಕ್ಕೆ ಇಳಿದವರು ತಮ್ಮ ಮುಂದಿನ ತಲೆಮಾರಿಗಾದರೂ ಕುಂಕುಮ ಇಡಲು ಒಂದು ಹಣೆಯನ್ನು ಬೇರೆಯಾಗಿ ಮಾಡಿಕೊಡಬೇಕೆಂದು ವಿನಂತಿ. ಆಗುವುದಾದರೆ ಒಂದು ಜೊತೆ ಕೊಂಬನ್ನೂ ಕೊಟ್ಟರೆ ಸಂಕ್ರಾಂತಿಗೆ ಬಣ್ಣ ಬಳಿಯಲು ಅನುಕೂಲವಾಗುತ್ತದೆ.

ಒರೆಸೋಣವೆಂದು ಹತ್ತಿ ತೆಗೆದುಕೊಂಡರೆ ಮಾವನವರು ಕೈ ಹಿಡಿದರು. "ಇಟ್ಟಿರೋ ಕುಂಕುಮ ಅಳಿಸ್ತಾರೇನವ್ವಾ? ಮನೇಲಿ ಮದ್ವೆ ಇಟ್ಕಂಡು?" ಎಂದರು. ಅವರ ಮುಖದಲ್ಲಿ ನಿಜವಾದ ಭಯವಿತ್ತು, ನನಗೆ ನಗಲಾಗಲಿಲ್ಲ. ಒರೆಸಿದರೆ ಅಪಶಕುನ, ಬಿಟ್ಟರೆ ಹಾಡಿಲ್ಲ. ಆಗ ಅಡುಗೆಮನೆಯಿಂದ ಬಂದ ಅತ್ತೆ ತಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು, ಗಂಡನ ಎದುರೇ ಸೆರಗಿನ ತುದಿಯಿಂದ ತಮ್ಮ ಬಾಯಿ ಒರೆಸಿದರು. ಉಳಿದಿದ್ದ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡು ಕ್ಯಾಬಿನೆಟ್ಟಿನ ನೆತ್ತಿಗೆ ಒಂದು ಬೊಟ್ಟಿಟ್ಟರು. "ಕುಂಕುಮ ಹಣೆಗೆ, ಬಾಯಿಗಲ್ಲ" ಎಂದು ಅವರು ಪಿಸುಗುಟ್ಟಿದ್ದು ಮಾವನವರಿಗೆ ಕೇಳಿಸಿತೋ ಇಲ್ಲವೋ, ಅವರು ಆ ಬೊಟ್ಟಿಗೆ ಕೈ ಮುಗಿದರು. ನಾನು ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿ ತಮ್ಮನ್ನು ಮತ್ತೆ ಕೂರಿಸಿದೆ, ತಾವು ಏನೂ ಆಗದವರ ಹಾಗೆ ಪರದೆಯ ಮೇಲೆ ಹಾಜರಾದಿರಿ.

ತಮ್ಮ ವೇಗ ನಿಜಕ್ಕೂ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಸಂಜೆ ತಾವು ಸಾಯುತ್ತಿದ್ದ ಡಿಸ್ಕಿನ ವೇಗಕ್ಕೇ ಇಳಿದು ಕಾಯಬೇಕಾಯಿತು, ನಾವೂ ಕಾದೆವು. ಕೊನೆಗೂ ಫೈಲು ಪೂರ್ತಿ ತಮ್ಮೊಳಗೆ ಬಂತು. ಹಾಡು ಹಾಕಿದೆ. ಅತ್ತೆಯ ತುಂಬು ದನಿ ವರ್ಷದ ಮೇಲೆ ಆ ಮನೆಯಲ್ಲಿ ಕೇಳಿತು. ಮಾವನವರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆಪ ಮಾಡಿದರು. ಶ್ವೇತ ಬಾಗಿಲ ಬಳಿಯೇ ನಿಂತು ಅತ್ತಳು, ನನಗೂ ಅಳು ಬಂತು. ಇದನ್ನೇ ಚಪ್ಪರದಲ್ಲಿ ಸ್ಪೀಕರಿಗೆ ಕೊಟ್ಟುಬಿಡೋಣ ಎಂದು ನಾನು ಹೇಳುವಷ್ಟರಲ್ಲಿ, ಹಾಡಿನಲ್ಲಿ ಮದುಮಗಳ ಹೆಸರು ಬಂತು. ಸೋಬಾನೆಯಲ್ಲಿ ಹಸೆಯ ಮೇಲೆ ಕೂತವರ ಹೆಸರು ಕಟ್ಟಿ ಹಾಡುತ್ತಾರೆಂಬುದು ಹುಟ್ಟಿದಾಗಿನಿಂದ ಕೇಳಿದ ನನಗೆ ಆವರೆಗೂ ಹೊಳೆದಿರಲಿಲ್ಲ. ಅತ್ತೆ ಕರೆದದ್ದು ನಯನಾ ಎಂದು. ಆಮೇಲೆ ನನ್ನ ಗಂಡ ಯೋಗಾನಂದನ ಹೆಸರು, ಆಮೇಲೆ ನನ್ನ ತವರಿನವರದು. ಒಂದೊಂದು ಸಾಲಿಗೂ ನಾನೇ.

ಮಾನ್ಯರೇ, ಲಕ್ಷಗಟ್ಟಲೆ ಫೋಟೊ ಹಿಡಿಯುವ ತಮ್ಮಲ್ಲಿ ಒಂದು ಹೆಸರು ತೆಗೆದು ಇನ್ನೊಂದನ್ನು ಅದೇ ಗಂಟಲಿನಲ್ಲಿ ಹಾಡಿಸುವ ಸೌಕರ್ಯವಿದ್ದರೆ ದಯವಿಟ್ಟು ಈಗಲೇ ಹೇಳಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತು, ನನ್ನ ಕಿವಿಗೆ ಬಾಯಿಟ್ಟು ಹೇಳಿದರು:

"ಅದು ನಿಂದು ಕಣವ್ವಾ, ನೀನೇ ಮಡೀಕ. ಶ್ವೇತಂದ ನೀನ್ ಹೇಳು. ಕೂತ್ಕ, ಹೇಳ್ಕೊಡ್ತೀನಿ."

ಹೀಗಾಗಿ ತಮ್ಮಿಂದ ಆಗಬೇಕಾದ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ದಿನಾ ಅವರು ಪಿಸುಗುಟ್ಟುತ್ತಾರೆ, ನಾನು ಹಾಡುತ್ತೇನೆ, ಅವರು ತಲೆಯಾಡಿಸಿ ಮತ್ತೆ ಮೊದಲಿನಿಂದ ಎನ್ನುತ್ತಾರೆ.

ತಮ್ಮ ವಿಶ್ವಾಸಿ,
ನಯನಾ ಯೋಗಾನಂದ
ಕೂಟಗಲ್, ರಾಮನಗರ ತಾಲ್ಲೂಕು

ತಾ.ಕ.: ನನ್ನ ಅಭ್ಯಾಸದ ಹಾಡುಗಳನ್ನೂ ತಮ್ಮಲ್ಲೇ ಇಡುತ್ತಿದ್ದೇನೆ. ಅವನ್ನು ಕೇಳಿದ ಮೇಲೆ ಕೆಟ್ಟು ಹೋಗಬೇಕೆನ್ನಿಸಿದರೆ ತಮ್ಮನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಮಾವನವರು ಆಗಲೇ ಎದ್ದು ಹೊಲದ ಕಡೆ ಹೋಗುತ್ತಿದ್ದಾರೆ. ಆದರೆ ಹೋಗುವ ಮುನ್ನ ಒಂದು ಸಲ ಕೆಮ್ಮಿ. ಅತ್ತೆಯ ಹಾಡನ್ನು ಮಾತ್ರ ಬೇರೆ ಕಡೆ ಇಳಿಸಿಕೊಳ್ಳುತ್ತೇನೆ, ನನ್ನದನ್ನು ತಾವೇ ಒಯ್ಯಬಹುದು.