ಇಂಗ್ಲಿಷಿನ ನಾಳೆ

ಶಿರಸಿಯಲ್ಲಿ ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡಲು ಕಲಿಸುವುದು ನನ್ನ ಕಸುಬು. ಆಗಿಹೋದದ್ದನ್ನು ಹೇಳಲು ಕಲಿಸುವಾಗ ತೊಂದರೆಯೇ ಇಲ್ಲ. ಯಾವ ಮದುವೆಯಲ್ಲಿ ಯಾವ ನೆಂಟರು ಏನೆಂದರು ಎಂಬುದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಮುಂದೆ ಆಗಬೇಕಾದದ್ದನ್ನು ಹೇಳುವ ಪಾಠಕ್ಕೆ ಬಂದೆವೋ, ಪ್ರತಿ ಬ್ಯಾಚಿನಲ್ಲೂ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ.

ಟೇಲರ್ ಬಂದರು

ಬನವಾಸಿ ಕಡೆಯ ಟೇಲರ್ ಒಬ್ಬರ ಅಂಗಡಿ ನಮ್ಮ ಪೇಟೆಯಲ್ಲಿದೆ. ಊರಿಗೆ ಬಂದ ಹೊಸ ಶಾಲೆಯ ಯೂನಿಫಾರ್ಮ್ ಆರ್ಡರ್ ಹಿಡಿಯಬೇಕೆಂಬುದು ಅವರ ಆಸೆ. ಆದರೆ ಅಲ್ಲಿನ ಪ್ರಿನ್ಸಿಪಾಲ್ ಮೇಡಂ ಹೊರರಾಜ್ಯದವರು, ಕನ್ನಡ ಬಾರದು.

"ಬಟ್ಟೆ ನೋಡಿದ್ರು, ಹೊಲಿಗೆ ನೋಡಿದ್ರು, ಎಲ್ಲಾ ಒಪ್ಪಿದ್ರು ಸರ್. ಕಡೀಗೆ ಯಾವಾಗ ಕೊಡ್ತೀರಿ ಅಂತ ಇಂಗ್ಲಿಷಿನ್ಯಾಗ ಕೇಳಿಬಿಟ್ರು."

"ನೀವೇನಂದಿರಿ?"

"ಟುಮಾರೋ ಅಂದೆ."

"ಇಡೀ ಶಾಲೆಯ ಬಟ್ಟೆಯನ್ನಾ?"

"ಹೌದ್ರಿ. ಮೇಡಂ ನಗಲಿಲ್ಲ. ಬರೋ ಸೋಮವಾರ ಬಂದು ಖರೇ ದಿನ ಹೇಳ್ರಿ, ಇಲ್ಲಾಂದ್ರ ಬ್ಯಾರೆಯವರಿಗೆ ಕೊಡ್ತೀನಿ ಅಂದ್ರು. ಖರೇ ದಿನ ಹೆಂಗ ಹೇಳೂದು, ಕಲಿಸ್ರಿ."

ಇಷ್ಟು ವರ್ಷದ ವೃತ್ತಿಯಲ್ಲಿ ಆ ಪ್ರಮೇಯ ಅವರಿಗೆ ಕನ್ನಡದಲ್ಲೂ ಬಂದಿರಲಿಲ್ಲ.

ಯಲ್ಲಾಪುರದ ಅಕ್ಕ

ಅದೇ ಬ್ಯಾಚಿನಲ್ಲಿ ಇಡಗುಂದಿ ಹತ್ತಿರ ಹೋಮ್‌ಸ್ಟೇ ನಡೆಸುವ ಅಕ್ಕ ಒಬ್ಬರಿದ್ದರು. ನಾನೇ ಪ್ರವಾಸಿಯಾಗಿ ಪ್ರಶ್ನೆ ಕೇಳಿದೆ. ನಾಳೆ ಬೆಳಿಗ್ಗೆ ಏನು ತಿಂಡಿ?

"ಐ ವಿಲ್ ಸೀ."

ಎಷ್ಟು ಗಂಟೆಗೆ?

"ಐ ವಿಲ್ ಸೀ."

ಜಲಪಾತಕ್ಕೆ ಜೀಪು ಬರುತ್ತದೆಯೇ?

"ಐ ವಿಲ್ ಸೀ."

ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅತಿಥಿ ಮಾತ್ರ ಉಪವಾಸವಿದ್ದ.

"ಅಕ್ಕ, ಒಂದನ್ನಾದರೂ ಗಟ್ಟಿಯಾಗಿ ಹೇಳಿ" ಎಂದೆ.

"ಗಟ್ಟಿಯಾಗಿ ಹೇಳಿದ್ಮೇಲೆ ಮಾಡ್ದೇ ಇರಲೆ ಬತ್ತಿಲ್ಲೆ ಸರ್!"

ಹಿಂದಿನ ಬೆಂಚಿನಿಂದ ಟೇಲರ್ ಎದ್ದು ನಿಂತರು. ಮುಖ ಅರಳಿತ್ತು. "ಅಕ್ಕಾರ ಮಾತು ಭಾಳ ಚಲೋ ಐತ್ರಿ. ಸೋಮವಾರ ನಾನೂ ಐ ವಿಲ್ ಸೀ ಅಂತ ಹೇಳ್ಲೇನ್ರಿ?"

ಸಿದ್ದಾಪುರದ ಜೋಯಿಸರು

ಮೂರನೆಯವರು ಹೇರೂರಿನ ಜೋಯಿಸರು. ಪರದೇಶದಲ್ಲಿರುವ ಶಿಷ್ಯರ ಮಕ್ಕಳು ಫೋನಿನಲ್ಲಿ ಇಂಗ್ಲಿಷಿನಲ್ಲೇ ಭವಿಷ್ಯ ಕೇಳುತ್ತಾರೆಂದು ಸೇರಿದ್ದರು. ಮುಂದಾಗುವುದನ್ನು ಹೇಳುವುದೇ ತಮ್ಮ ಕೆಲಸ, ಈ ಪಾಠ ತಮಗೆ ಸಲೀಸು ಎಂಬ ಭರವಸೆ ಅವರಿಗಿತ್ತು. ಒಂದು ಸಂಜೆ ಮುಖ ಕೆಂಪಗೆ ಮಾಡಿಕೊಂಡು ಬಂದರು.

"ಕನ್ನಡದಲ್ಲಾದ್ರೆ, ಯೋಗ ಇದ್ದು, ಸ್ವಲ್ಪ ನಿಧಾನ ಆಗ್ತು ಹೇಳಿ ಮುಗಿಸ್ತಿದ್ದೆ. ನೀವು ಕಲಿಸಿದ ಹಾಂಗೆ, ಯೂ ವಿಲ್ ಮ್ಯಾರಿ ಇನ್ ಮೇ ಅಂದ್ಬಿಟ್ಟೆ. ಹುಡುಗ ದಿನಾ ಫೋನ್ ಮಾಡಿ, ಹುಡುಗಿ ಎಲ್ಲಿ ಅಂತ ಕೇಳ್ತಾ ಇದ್ದ!"

"ನೀವೇನಂದಿರಿ?"

"ಎಂತ ಹೇಳದು? ಈಗ ಹುಡುಗಿನ ಆನೇ ಹುಡುಕ್ತಾ ಇದ್ದೆ!"

ಆಮೇಲೆ ಅವರು ಕ್ಲಾಸಿಗೆ ಬರಲಿಲ್ಲ. ದೊಡ್ಮನೆ ಊರಿನ ಕಡೆ ಹುಡುಗಿಯದೊಂದು ಜಾತಕ ಇದೆಯೆಂದು ಯಾರೋ ಹೇಳಿದ್ದರಂತೆ, ಅದರ ಹಿಂದೆ ಹೋಗಿದ್ದರು.

ಸೋಮವಾರ

ಜೋಯಿಸರ ಗತಿ ಕಂಡು ಟೇಲರ್ ಬೆವರಿದರು. ಆದರೂ ಆರ್ಡರ್ ಬೇಕಲ್ಲ. ಶಾಲೆ ಶುರುವಾಗುವ ಮೊದಲಿನ ಶನಿವಾರ ಕೊಡುತ್ತೇನೆ ಎಂಬ ಒಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಉರುಹೊಡೆಸಿ ಕಳಿಸಿದೆ. ಅವರು ಅದನ್ನು ಒಂದೇ ಉಸಿರಿನಲ್ಲಿ ಹೇಳಿದರು. ಮೇಡಂ ಆರ್ಡರ್ ಅವರಿಗೇ ಕೊಟ್ಟರು.

ಅಲ್ಲಿಂದ ನೇರ ನನ್ನ ಬಳಿ ಬಂದರು. "ಸರ್, ಆ ಶನಿವಾರ ಆಗಲಿಲ್ಲಾಂದ್ರ ಮರುದಿನ ಹೋಗಿ ನಾಳೆ ಅನಬಹುದೇನ್ರಿ?"

"ಇಲ್ಲ. ಆರ್ಡರ್ ಹೋಗುತ್ತದೆ."

"ಅಂದ್ರ ಹೇಳಿದ್ದು ಹೇಳಿದ್ದೇ?"

"ಹೇಳಿದ್ದು ಹೇಳಿದ್ದೇ."

ಇಂಥ ಭಾಷೆಯೂ ಇರುತ್ತದೆಯೇ ಎಂಬಂತೆ ನನ್ನನ್ನು ನೋಡಿದರು. ಅಂದಿನಿಂದ ಚಹಾದಂಗಡಿಯ ಕಡೆ ಅವರು ತಲೆ ಹಾಕಲಿಲ್ಲ, ಮಷಿನ್ ಸದ್ದು ನಿಲ್ಲಲಿಲ್ಲ. ಹೇಳಿದ ಶನಿವಾರ ಯೂನಿಫಾರ್ಮಿನ ಗಂಟುಗಳು ಶಾಲೆಯ ಬಾಗಿಲಲ್ಲಿದ್ದವು. ಪಕ್ಕದ ಅಂಗಡಿಯವರು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಬ್ಲೌಸು

ಟೇಲರ್ ಇಂಗ್ಲಿಷಿನಲ್ಲಿ ಹೇಳಿದ ದಿನಕ್ಕೇ ಕೊಟ್ಟರೆಂಬ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿತು. ಆ ಜೂನ್ ತಿಂಗಳಲ್ಲೇ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನಾನು ಅವರ ಅಂಗಡಿಗೆ ಹೋಗಿದ್ದೆ. ಹಿರಿಯ ಹೆಂಗಸೊಬ್ಬರು ಬ್ಲೌಸ್ ಪೀಸ್ ತಂದು ಟೇಬಲ್ ಮೇಲಿಟ್ಟರು.

"ಯಾವಾಗ ಕೊಡ್ತ್ಯೋ ಮಾರಾಯ?"

"ನಾಳೆ ಬರ್ರಿ ಅಕ್ಕಾರ" ಎಂದರು ಟೇಲರ್, ತಲೆಯೆತ್ತದೆ.

ಆಕೆ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು.

"ಅದ್ನ ಇಂಗ್ಲಿಷಲ್ಲಿ ಹೇಳು."

ಟೇಲರ್ ಕತ್ತರಿ ಕೆಳಗಿಟ್ಟರು. ನನ್ನನ್ನು ನೋಡಿದರು. ಹಿಂದೆ ತೂಗುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಕೊನೆಗೆ ದನಿ ತಗ್ಗಿಸಿ ಅಂದರು:

"ಇಂಗ್ಲಿಷಿನ್ಯಾಗ ಅಂದ್ರ, ಅಕ್ಕಾರ... ದೀಪಾವಳಿ ಆಗ್ಲಿ."