ಮೊದಲ ಈಡಿನ ಮನೆ

ಪಕ್ಕದ ಮನೆಯ ವರ್ನಾಳ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸದೆ ಹೋಗಿದ್ದರೆ ಆರ್ಲನ್ ವೆಸ್ಟ್‌ಬಿ ತನ್ನ ಕೋವಿಗೆ ಸೈಲೆನ್ಸರ್ ಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ.

ಕಳೆದ ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾಗುವ ಶನಿವಾರ, ಅವನದೇ ಅಡುಗೆಮನೆಯಲ್ಲಿ ಕೂತು, ಅವನೇ ಈರುಳ್ಳಿ ಹಾಕಿ ಹುರಿದ ಮಾಂಸವನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ ಅವಳು ಆ ದೂರು ಹೇಳಿದ್ದಳು.

"ನಿನ್ನ ಕೋವಿ ಸದ್ದಿಗೆ ನನ್ನ ಕೋಳಿಗಳು ಒಂದು ವಾರ ಮೊಟ್ಟೆ ಮುಖ ನೋಡಲ್ಲ ಕಣಯ್ಯ."

"ಕೋಳಿ ಹಾಳಾಗ್ಲಿ," ಎಂದಿದ್ದ ಇನ್ನೊಬ್ಬ ನೆರೆಯವ ರೂಡಿ ಜಾಸ್ಟ್ರೋ. "ನಮ್ಮ ಕಣಜ ಕುಸೀತು ಅಂತ ನಾನು ಪ್ಯಾಂಟೂ ಹಾಕ್ಕೊಳ್ದೆ ಹೊರಗೆ ಓಡಿದ್ದೀನಿ."

ವರ್ನಾಳ ಗಂಡ ಲೈಲ್ ತಟ್ಟೆಯಿಂದ ತಲೆ ಎತ್ತದೆ, ಹೀಗೇ ಆದರೆ ಮುಂದಿನ ವರ್ಷ ಇವಳು ಊಟಕ್ಕೆ ಬರುವುದಿಲ್ಲವಂತೆ ಎಂದು ಸೇರಿಸಿದ್ದ. ಎಲ್ಲರೂ ನಕ್ಕಿದ್ದರು. ಆರ್ಲನ್ ಕೂಡ ನಕ್ಕಿದ್ದ. ಆದರೆ ಅವರು ಎದ್ದು ಹೋದ ಮೇಲೆ, ಆರು ತಟ್ಟೆ ತೊಳೆಯುತ್ತ ನಿಂತವನಿಗೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತು.

ಆ ಕಣಿವೆಯ ರೂಢಿ ಅಂಥದು. ಬೇಟೆಯ ಮೊದಲ ಬೆಳಿಗ್ಗೆ ಯಾರ ಕೋವಿಯ ಈಡು ಮೊದಲು ಕೇಳಿಸುತ್ತದೋ ಉಳಿದವರು ತಮ್ಮ ಮಚಾನುಗಳಿಂದ ಇಳಿದು, ಹಗ್ಗ, ಜಾರುಗಾಡಿ ಹಿಡಿದು ಅಲ್ಲಿಗೆ ಬರುತ್ತಾರೆ. ಜಿಂಕೆಯನ್ನು ಎಳೆದು ಹಾಕುತ್ತಾರೆ. ಮಧ್ಯಾಹ್ನ ಈಡು ಹಾಕಿದವನ ಮನೆಯಲ್ಲೇ ಊಟ. ಆರ್ಲನ್‌ನ ಮಚಾನು ಒಳ್ಳೆಯ ದಿಣ್ಣೆಯ ಮೇಲಿತ್ತು. ನಾಲ್ಕು ವರ್ಷದಿಂದ ಮೊದಲ ಈಡು ಅವನದೇ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಹೊಸ್ತಿಲನ್ನು ಯಾರೂ ದಾಟುತ್ತಿರಲಿಲ್ಲ. ಅವನು ಹಾಲಿನ ಟ್ಯಾಂಕರ್ ಓಡಿಸುವವನು. ಬೆಳಕು ಹರಿಯುವ ಮೊದಲೇ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ, ಕೊಳವೆ ಸಿಕ್ಕಿಸಿ, ಹಾಲು ತುಂಬಿಕೊಂಡು ಬರುವ ಕೆಲಸ. ಅವನನ್ನು ದಿನವೂ ತಪ್ಪದೆ ನೋಡುತ್ತಿದ್ದುದು ಹಸುಗಳು ಮಾತ್ರ.

ಸೈಲೆನ್ಸರ್ ಕೊಳ್ಳುವುದು ಸುಲಭವಾಗಿರಲಿಲ್ಲ. ಅರ್ಜಿ, ಭಾವಚಿತ್ರ, ಹತ್ತೂ ಬೆರಳಿನ ಗುರುತು, ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಬೆರಳಚ್ಚು ತೆಗೆದ ಹೆಂಗಸು ಅವನ ಒಂದೊಂದೇ ಬೆರಳನ್ನು ಹಿಡಿದು, ಮೆಲ್ಲಗೆ ಹೊರಳಿಸಿ, ಮಸಿ ಒರೆಸಿ ಕಳಿಸಿದ್ದಳು. ಆ ವರ್ಷ ಅಷ್ಟು ಹೊತ್ತು ಅವನ ಕೈ ಹಿಡಿದವರು ಬೇರೆ ಯಾರೂ ಇರಲಿಲ್ಲ. ಅರ್ಜಿ ತಿರಸ್ಕೃತವಾದರೂ ನಷ್ಟವಿಲ್ಲ, ಇನ್ನೊಮ್ಮೆ ಹೋಗಬಹುದು ಎಂದು ಅವನಿಗೆ ಅನ್ನಿಸಿದ್ದುಂಟು.

ಅಂತೂ ಅದು ಬಂತು, ಸಣ್ಣ ಫ್ಲಾಸ್ಕಿನಷ್ಟು ದಪ್ಪದ ಕಪ್ಪು ಕೊಳವೆ. ಯಾರಿಗೂ ಹೇಳಲಿಲ್ಲ. ಊಟದ ಮೇಜಿನ ಮೇಲೆ ಇಟ್ಟು, ವರ್ನಾಳ ಮುಖ ಅರಳುವುದನ್ನು ನೋಡಬೇಕೆಂದಿದ್ದ. ಈ ವರ್ಷದ ಬೇಟೆಯ ಹಿಂದಿನ ದಿನ, ಶುಕ್ರವಾರವೇ ಆಲೂಗಡ್ಡೆ ಬೇಯಿಸಿ, ಸೇಬಿನ ಕಡುಬು ಮಾಡಿ, ಆರು ತಟ್ಟೆ ಜೋಡಿಸಿಟ್ಟ. ವರ್ನಾ, ಲೈಲ್ ಟಾಲೆಫ್‌ಸನ್ ದಂಪತಿ ಇಬ್ಬರು, ರೂಡಿ ಮತ್ತು ಅವನ ಇಬ್ಬರು ಗಂಡುಮಕ್ಕಳು, ಆರನೆಯದು ತನ್ನದು.

ಶನಿವಾರ ಹೆಪ್ಪುಗಟ್ಟುವ ಚಳಿ. ಏಳು ಗಂಟೆ ಹತ್ತು ನಿಮಿಷಕ್ಕೆ ಸೀಡರ್ ಮರಗಳ ನಡುವಿನಿಂದ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ತಾನಾಗಿ ಬಂದು ನಿಂತಿತು. ಆರ್ಲನ್ ಉಸಿರು ಹಿಡಿದು ಕೋವಿಯ ಕುದುರೆ ಎಳೆದ. ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಕವುಚಿದಂಥ ಸದ್ದು. ಹಿಂದೆಯೇ ಗುಂಡು ಗಾಳಿ ಸೀಳಿದ ಚಟ್ ಎನ್ನುವ ಸದ್ದು. ಕಿವಿ ಗುಂಯ್ ಅನ್ನಲಿಲ್ಲ, ಭುಜಕ್ಕೆ ಒದೆ ಬೀಳಲಿಲ್ಲ. ಜಿಂಕೆ ನಾಲ್ಕು ಹೆಜ್ಜೆ ಹಾಕಿ ಕುಸಿಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದುಕೊಂಡ ಆರ್ಲನ್.

ಕೆಳಗಿಳಿದು ಜಿಂಕೆಯ ಪಕ್ಕದ ಮರದ ದಿಮ್ಮಿಯ ಮೇಲೆ ಕೂತ. ಕಾಫಿಯ ಎರಡು ಫ್ಲಾಸ್ಕು ತಂದಿದ್ದ, ಒಂದು ತನಗೆ, ಒಂದು ಬರುವವರಿಗೆ. ಹತ್ತು ನಿಮಿಷವಾಯಿತು. ಬೇಲಿ ದಾಟಬೇಕಲ್ಲ, ತಡವಾಗುತ್ತದೆ. ಇಪ್ಪತ್ತಾಯಿತು. ರೂಡಿಗೆ ಮಂಡಿನೋವು. ಮುಕ್ಕಾಲು ಗಂಟೆಯಾದ ಮೇಲೆ ದೂರದಲ್ಲಿ ಚಳಿಗೆ ರಸ ಹೆಪ್ಪುಗಟ್ಟಿದ ಮರವೊಂದು ಚಟ್ ಎಂದು ಸೀಳಿತು. ತನ್ನ ಈಡು ಪಕ್ಕದವರಿಗೆ ಹೇಗೆ ಕೇಳಿಸಿರಬಹುದು ಎಂಬುದು ಅವನಿಗೆ ಆಗ ಹೊಳೆಯಿತು. ಅಂಥ ಬೆಳಿಗ್ಗೆ ಕಾಡಿನಲ್ಲಿ ನೂರು ಮರ ಸೀಳುತ್ತವೆ.

ಕೊಳವೆ ಬಿಚ್ಚಿ ಇನ್ನೊಂದು ಈಡು ಹಾಕಲೇ ಎಂದು ಕೈ ಇಡುವಷ್ಟರಲ್ಲಿ ಹಳ್ಳದಾಚೆಯಿಂದ ಢಮ್ಮೆಂದು ಲೈಲ್‌ನ ಹಳೆಯ ಕೋವಿ ಸಿಡಿಯಿತು. ಇಡೀ ಕಣಿವೆ ಅದನ್ನು ಎರಡು ಸಲ ತಿರುಗಿ ಹೇಳಿತು. ಸ್ವಲ್ಪ ಹೊತ್ತಿನಲ್ಲೇ ರೂಡಿ ತನ್ನ ಮಕ್ಕಳನ್ನು ಕೂಗುವುದೂ ಜಾರುಗಾಡಿ ಹಿಮದ ಮೇಲೆ ಉಜ್ಜುವುದೂ ಸ್ಪಷ್ಟವಾಗಿ ಕೇಳಿಸಿದವು. ಆ ವರ್ಷದ ಮೊದಲ ಈಡು ಲೈಲ್‌ನದಾಯಿತು.

ಎಂಬತ್ತು ಕಿಲೋ ಜಿಂಕೆಯನ್ನು ಐವತ್ತೆಂಟು ವರ್ಷದ ಆಳು ಒಬ್ಬನೇ ಎಳೆಯುವುದು ಮದುವೆಗೆ ಒಪ್ಪದ ಹುಡುಗಿಯನ್ನು ಚರ್ಚಿಗೆ ಕರೆದೊಯ್ದ ಹಾಗೆ. ಕರುಳು ತೆಗೆದು ಹಗುರ ಮಾಡಿಕೊಂಡರೂ ಅದು ಪ್ರತಿ ಗಿಡಕ್ಕೂ ಕೊಂಬು ಸಿಕ್ಕಿಸಿತು. ಇಳಿಜಾರಿನಲ್ಲಿ ಮಾತ್ರ ಅದಕ್ಕೆ ಇದ್ದಕ್ಕಿದ್ದಂತೆ ಉತ್ಸಾಹ ಬಂದು, ಅವನನ್ನು ಹಿಂದಿಕ್ಕಿ, ಹಗ್ಗದ ಸಮೇತ ಅವನನ್ನೂ ಹಳ್ಳಕ್ಕೆ ಇಳಿಸಿತು. ನೀರಿನ ಮೇಲಿನ ತೆಳು ಮಂಜುಗಡ್ಡೆ ಒಡೆಯಿತು. ಕಾಲು ಮೇಲೆ ಬಂತು, ಬೂಟು ಕೆಸರಲ್ಲೇ ಉಳಿಯಿತು. ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿಯನ್ನು ಕಾಲಿಗೆ ಹಾಕಿಕೊಂಡು, ಬರಿತಲೆಯಲ್ಲಿ ಅವನು ಮನೆ ಮುಟ್ಟುವಾಗ ಹನ್ನೊಂದೂವರೆ. ಇದನ್ನು ನೋಡಿ ನಗಲು ಒಬ್ಬನಾದರೂ ಇದ್ದಿದ್ದರೆ ಅದು ಹತ್ತು ವರ್ಷ ಹೇಳಿಕೊಳ್ಳುವ ಕತೆಯಾಗುತ್ತಿತ್ತು. ಯಾರೂ ಇರದಿದ್ದರಿಂದ ಬರೀ ಒದ್ದೆ ಕಾಲಾಯಿತು.

ಜಿಂಕೆಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ, ಬಟ್ಟೆ ಬದಲಿಸಿ, ಕಡುಬನ್ನು ಹಿಡಿದುಕೊಂಡು ಅವನು ಟಾಲೆಫ್‌ಸನ್ ಮನೆಗೆ ಹೋದ. ಅಲ್ಲಿ ಬಾಣಲೆ ಚುರುಗುಡುತ್ತಿತ್ತು. ಐದೂ ಜನ ಜಾಗ ಬಿಟ್ಟು ಕೂರಿಸಿಕೊಂಡರು. ಈ ವರ್ಷ ಅದೃಷ್ಟ ಕೈಕೊಟ್ಟಿತಲ್ಲ ಎಂದು ಲೈಲ್ ಅವನ ಬೆನ್ನು ತಟ್ಟಿದ.

"ಹೊಡೆದೆ," ಎಂದ ಆರ್ಲನ್. "ಏಳೂ ಹತ್ತಕ್ಕೆ. ಎಂಟು ಕವಲಿಂದು."

ರೂಡಿ ಫೋರ್ಕು ಕೆಳಗಿಟ್ಟ. "ಯಾತರಲ್ಲಿ, ಕವಣೇಲಾ?"

ಆರ್ಲನ್ ಜೇಬಿನಿಂದ ಕೊಳವೆ ತೆಗೆದು ಮೇಜಿನ ಮೇಲಿಟ್ಟ. ಅವನು ಒಂದು ವರ್ಷದಿಂದ ನೆನೆಸಿಕೊಂಡು ಬಂದ ಗಳಿಗೆ ಇದೇ, ಮೇಜು ಮಾತ್ರ ಬೇರೆ. ಅದು ಕೈಯಿಂದ ಕೈಗೆ ಸುತ್ತಿತು. ರೂಡಿಯ ದೊಡ್ಡ ಮಗ ಒಳಗಡೆ ಇಣುಕಿ ನೋಡಿದ. ಲೈಲ್ ತೂಕ ನೋಡಿ, ಇಷ್ಟು ಭಾರ ಮೂತಿಗೆ ನೇತುಬಿದ್ದರೆ ಗುರಿ ಹೇಗೆ ಎಂದು ಕೇಳಿದ. ಬೆಲೆ ಕೇಳಿದ ರೂಡಿ, ಅದೇ ದುಡ್ಡಿಗೆ ಇನ್ನೊಂದು ಕೋವಿಯೇ ಬರುತ್ತದೆ, ಹತ್ತಿ ಕಿವಿಗೆ ತುರುಕಿಕೊಂಡರೆ ಪುಕ್ಕಟೆ ಎಂದ.

ತಂದದ್ದೇ ತಪ್ಪಾಯಿತು ಎಂದು ಹೇಳಲು ಆರ್ಲನ್‌ಗೆ ಬಾಯಿ ಬರಲಿಲ್ಲ. ಕಿವಿ ಉಳಿಯುತ್ತದೆ, ಒದೆ ಕಡಿಮೆ, ಜಿಂಕೆಗೆ ಈಡು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ ಎಂದು ಅಂಗಡಿಯವನಿಗಿಂತ ಚೆನ್ನಾಗಿ ಹೊಗಳಿದ. ಒಂದೊಂದೂ ನಿಜವೇ.

ವರ್ನಾಳ ಮುಖ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಅರಳಿತು. "ನಮ್ಮ ಕೋಳಿಗಳಿಗೋಸ್ಕರ ಇಷ್ಟೆಲ್ಲ ಮಾಡಿದ್ಯಾ? ಎಂಥಾ ಒಳ್ಳೇ ಮನುಷ್ಯನಯ್ಯಾ ನೀನು. ಇನ್ಮೇಲೆ ನೀನು ಇದ್ದೀಯೋ ಇಲ್ವೋ ಅಂತಾನೇ ಗೊತ್ತಾಗಲ್ಲ ನೋಡು."

"ಹೌದು," ಎಂದ ಆರ್ಲನ್.

ರಾತ್ರಿ ಊಟಕ್ಕೆ ಎಲ್ಲರೂ ತನ್ನಲ್ಲಿಗೇ ಬನ್ನಿ ಎಂದು ಕರೆದ. ಆಲೂಗಡ್ಡೆ ಬೆಂದೇ ಇದೆ ಎಂದ. ಅಯ್ಯೋ, ಹೊಟ್ಟೆಯಲ್ಲಿ ಜಾಗ ಎಲ್ಲಿದೆ ಎಂದಳು ವರ್ನಾ. ರೂಡಿಗೆ ಹಾಲು ಕರೆಯುವುದಿತ್ತು. ಬೇಟೆಯ ಊಟ ವರ್ಷಕ್ಕೊಂದೇ, ಅದು ಆಗಿಹೋಗಿತ್ತು. ಬೇಸರವಾಗಬಾರದೆಂದು ಅವನ ಕಡುಬನ್ನು ಮಾತ್ರ ಪೂರ್ತಿ ಖಾಲಿ ಮಾಡಿ ತಟ್ಟೆ ತೊಳೆದುಕೊಟ್ಟರು.

ಮನೆಗೆ ಬಂದು ಆರ್ಲನ್ ಆರು ತಟ್ಟೆಗಳನ್ನು ನೋಡುತ್ತ ಕೂತ. ಹೊತ್ತು ಮುಳುಗಿತು. ಎತ್ತಿಡಬೇಕೆಂದು ಎದ್ದವನು ತಟ್ಟೆ ಎತ್ತಲಿಲ್ಲ. ಕೋವಿ ತೆಗೆದುಕೊಂಡು ಮನೆಯ ಹಿಂದಿನ ಮಣ್ಣಿನ ದಿಬ್ಬದ ಕಡೆಗೆ ನಡೆದ. ಮೊದಲ ಈಡಲ್ಲದಿದ್ದರೇನು, ಸಂಜೆಯ ಈಡು ಕೇಳಿದರೂ ಎಳೆಯಲು ಆಳು ಬೇಕೇ ಎಂದು ಯಾರಾದರೊಬ್ಬರು ಬಂದು ಕೇಳುವುದು ಅಲ್ಲಿ ಇದ್ದದ್ದೇ. ಕೊಳವೆಯಿಲ್ಲದ ಬರೀ ಮೂತಿಯನ್ನು ದಿಬ್ಬಕ್ಕೆ ಹಿಡಿದು ಒಂದು ಈಡು ಹಾಕಿದ. ಕಣಿವೆ ನಡುಗಿ, ಮೂರು ಸಲ ಮಾರ್ದನಿ ಕೊಟ್ಟು ಸುಮ್ಮನಾಯಿತು. ಕಿವಿ ಗುಂಯ್ ಎಂದಿತು. ಅವನಿಗೆ ಹಿತವಾಯಿತು.

ಬೇಗ ಬೇಗ ಒಳಗೆ ಬಂದು, ಕೊಳವೆಯನ್ನು ಕಳೆದುಹೋದೀತೆಂದು ಮತ್ತೆ ಕೋವಿಗೆ ತಿರುಗಿಸಿ ಗೋಡೆಗೆ ಒರಗಿಸಿದ. ಬಾಣಲೆ ಒಲೆಗೇರಿತು. ಈರುಳ್ಳಿ ಕೆಂಪಾಗುವ ಹೊತ್ತಿಗೆ ಕಿಟಕಿಯ ಮೇಲೆ ಗಾಡಿಯ ಬೆಳಕು ಹಾಯಿತು. ಆರ್ಲನ್ ತಲೆ ಬಾಚಿಕೊಂಡ.

ಬಾಗಿಲಲ್ಲಿ ನಿಂತಿದ್ದವಳು ಅರಣ್ಯ ಇಲಾಖೆಯ ಕಾವಲಿನ ಅಧಿಕಾರಿ, ಕೆಸ್ಲರ್ ಎಂಬ ಹುಡುಗಿ. ಕೈಯಲ್ಲಿ ಟಾರ್ಚು.

"ಹೆದರ್ಬೇಡಿ ಸಾರ್. ವರ್ನಾ ಅವರು ಫೋನ್ ಮಾಡಿದ್ರು. ಹೊತ್ತು ಮುಳುಗಿದ್ಮೇಲೆ ನಿಮ್ಮ ಕಾಡಲ್ಲಿ ದೊಡ್ಡ ಈಡು ಕೇಳಿಸ್ತಂತೆ. ಆ ಹೊತ್ತಲ್ಲಿ ಬೇಟೆ ಕೂಡದು, ಯಾರೋ ಹೊರಗಿನ ಕಳ್ಳಬೇಟೆಯವನು ಬಂದಿದ್ದಾನೆ. ಎಲ್ರಿಗೂ ಬಾಗಿಲು ಹಾಕ್ಕೊಂಡು ಒಳಗೇ ಇರಿ ಅಂತ ಹೇಳಿ ಬಂದಿದ್ದೀನಿ. ಇವತ್ತು ಈ ಕಡೆ ಯಾರೂ ಬರಲ್ಲ."

"ಅದು ನಾನೇ ಹೊಡೆದದ್ದು," ಎಂದ ಆರ್ಲನ್.

ಹುಡುಗಿ ಅವನ ಹೆಗಲಾಚೆಗೆ ಟಾರ್ಚು ಬಿಟ್ಟಳು. ಬೆಳಕು ಕೋವಿಯ ಮೂತಿಯ ಕಪ್ಪು ಕೊಳವೆಯ ಮೇಲೆ ನಿಂತಿತು. ಅವಳು ನಕ್ಕಳು.

"ನಿಮ್ಮದಲ್ಲ ಅಂತ ಅವರೇ ಹೇಳಿದ್ರು. ಇದರಲ್ಲಿ ಸದ್ದೇ ಬರಲ್ವಂತೆ."

"ಬಿಚ್ಚಿ ಹೊಡೆದೆ."

"ಕತ್ತಲಾಗ್ತಾ ಇರೋವಾಗ, ಇಷ್ಟು ಬೆಲೆಯ ವಸ್ತು ಬಿಚ್ಚಿಟ್ಟು, ಸುಮ್ಮನೆ ಒಂದು ಈಡು ಯಾರು ಸಾರ್ ಹೊಡೀತಾರೆ? ಯಾಕೆ ಹೊಡೀತಾರೆ?"

ಅದಕ್ಕೆ ಇದ್ದದ್ದು ಒಂದೇ ಉತ್ತರ. ಆರ್ಲನ್ ಮೇಜಿನ ಮೇಲಿನ ಆರು ತಟ್ಟೆಗಳನ್ನು ನೋಡಿದ.

ಯಾರಾದರೂ ನೆಂಟರು ಬರುವವರಿದ್ದರೆ ಫೋನ್ ಮಾಡಿ ಬೇಡವೆಂದುಬಿಡಿ ಎಂದು ಹುಡುಗಿ ಹೇಳಿದಳು. ಅವನು ಊಟಕ್ಕೆ ಕೂರು ಎಂದರೆ, ಕೆಲಸದ ಮೇಲಿದ್ದಾಗ ಕೂಡದು ಎಂದು ಕೈಮುಗಿಯುವವಳಂತೆ ಟೋಪಿ ಮುಟ್ಟಿ ಹೊರಟುಹೋದಳು.

ಆರ್ಲನ್ ದೀಪ ಸಣ್ಣ ಮಾಡಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡ. ಆಚೆ ಟಾರ್ಚಿನ ಬೆಳಕು ಸೀಡರ್ ಮರಗಳ ನಡುವೆ, ಹಳ್ಳದ ದಂಡೆಯಲ್ಲಿ, ಮಚಾನಿನ ಬುಡದಲ್ಲಿ ಓಡಾಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಟಾರ್ಚು ಬಂದು ಸೇರಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಜನ ಅವನನ್ನು ಹುಡುಕುತ್ತಿದ್ದರು, ಅವನ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ.

ಅವನು ಬಾಣಲೆಯನ್ನು ಒಲೆಯ ಅಂಚಿಗೆ ಸರಿಸಿ, ಆರದಂತೆ ಮುಚ್ಚಳ ಮುಚ್ಚಿದ.