ಹಾಸಿಗೆಯ ಮೇಲೆ ಭೂತಕಾಲ

ಇಂಗ್ಲಿಷಿನ ಭೂತಕಾಲವನ್ನು ಬೆಳಗಾಗುವುದರೊಳಗೆ ಅಂಗೈ ನೆಲ್ಲಿಕಾಯಿ ಮಾಡಿಕೊಳ್ಳುತ್ತೇನೆಂದು ಹಾಸಿಗೆ ಅಂಗಡಿಯ ಸೇಲ್ಸ್‌ಮನ್ ಊಟದ ತಟ್ಟೆಯ ಮುಂದೆ ಘೋಷಿಸಿದ. ಮಾರನೆಯ ದಿನ ದೊಡ್ಡ ಹೋಟೆಲೊಂದರ ಮ್ಯಾನೇಜರಮ್ಮ ಅಂಗಡಿಗೆ ಬರುವವರಿದ್ದರು. ಆಕೆಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಹೋಟೆಲಿನ ಅಷ್ಟೂ ಕೋಣೆಗಳಿಗೆ ಹಾಸಿಗೆ ಬೇಕಾಗಿತ್ತು. ಅಂಗಡಿಯಲ್ಲಿ ಎಲ್ಲರೂ ನೊಣ ಹೊಡೆಯುತ್ತಿದ್ದ ಕಾಲ ಅದು. ಈ ಆರ್ಡರ್ ತಪ್ಪಿದರೆ ಬಾಗಿಲು ಮುಚ್ಚುವುದೊಂದೇ ದಾರಿ ಎಂದು ಯಜಮಾನರು ಹೇಳಿಬಿಟ್ಟಿದ್ದರು.

"ಒಂದೇ ಸೂತ್ರ ಕಣೇ," ಎಂದ ಹೆಂಡತಿಗೆ. "ಕ್ರಿಯಾಪದದ ಬಾಲಕ್ಕೆ ಒಂದು 'ಡ್' ಕಟ್ಟು. ನಿನ್ನೆ ಆಗಿದ್ದೆಲ್ಲ ಅದರಲ್ಲಿ ಬಂತು."

"ಹೋದೆ ಅನ್ನೋಕೆ 'ವೆಂಟ್' ಅಂತಾರಲ್ರೀ. ಅದರಲ್ಲಿ 'ಡ್' ಎಲ್ಲಿದೆ?"

"ಅದು ಹೋದರೆ ಹೋಗಲಿ ಬಿಡು."

ರಾತ್ರಿಯಿಡೀ ತಾನೂ ಜಪಿಸಿ, ಹೆಂಡತಿಗೂ ಬಾಯಿಪಾಠ ಮಾಡಿಸಿದ. ಮಗನಿಗೆ ಭೂತ ಮೆಟ್ಟಿತೆಂದು ಅವನ ತಾಯಿ ಪಕ್ಕದ ಕೋಣೆಯಲ್ಲಿ ಎದ್ದು ಕೂತರು. ಭೂತವಲ್ಲ ಅತ್ತೆ, ಭೂತಕಾಲ ಎಂದು ಸೊಸೆ ಸಮಾಧಾನ ಹೇಳಿದಳು.

ಮ್ಯಾನೇಜರಮ್ಮ ಬಂದವರು ಹಾಸಿಗೆಯನ್ನು ಬೆರಳಿಂದ ಒತ್ತಿ, ಇದನ್ನು ನೀವೇ ಬಳಸಿ ನೋಡಿದ್ದೀರಾ ಎಂದು ಕೇಳಿದರು. ಅವನ ಮನೆಯಲ್ಲಿ ಇದ್ದದ್ದೂ ಅದೇ ಹಾಸಿಗೆ. ಮಲಗುವುದಕ್ಕೆ ಇಂಗ್ಲಿಷಿನಲ್ಲಿ 'ಲೈ' ಎನ್ನುತ್ತಾರೆಂದು ಗೊತ್ತಿತ್ತು. ಬಾಲಕ್ಕೆ 'ಡ್' ಕಟ್ಟಿದ. ಮಲಗಿದ್ದು 'ಲೇ' ಆಗುತ್ತದೆ, 'ಲೈಡ್' ಎಂದರೆ ಸುಳ್ಳು ಹೇಳಿದೆ ಎಂದಾಗುತ್ತದೆ ಎಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ.

"ಐ ಲೈಡ್, ಮೇಡಂ," ಎಂದ ಎದೆಯುಬ್ಬಿಸಿ.

ಆಕೆ ಬೆಚ್ಚಿ, ಅಂಗಡಿಯಲ್ಲಿ ಇದು ನಿಮ್ಮೊಬ್ಬರದೇ ಅಭ್ಯಾಸವೋ ಎಂದು ಕೇಳಿದರು. ಅವನಿಗೆ ಹುರುಪು ಬಂತು. ಯಜಮಾನರೂ ಲೈಡ್, ಯಜಮಾನರ ತಂದೆಯಂತೂ ಕೊನೆಯುಸಿರಿನವರೆಗೂ ಲೈಡ್ ಎಂದ. ಸಾಲದ್ದಕ್ಕೆ, ಸಾಕ್ಷಿಗೆಂದು ಹೆಂಡತಿಗೆ ಫೋನ್ ಮಾಡಿ, ನಮ್ಮ ಮನೆಯ ಹಾಸಿಗೆಯ ವಿಷಯ ಮೇಡಂಗೆ ಹೇಳು ಎಂದು ಸ್ಪೀಕರ್ ಒತ್ತಿದ.

"ಯೆಸ್ ಮೇಡಂ," ಎಂದು ಆ ಕಡೆಯಿಂದ ಪಾಠ ಒಪ್ಪಿಸುವ ದನಿ ಬಂತು. "ಹಿ ಲೈಡ್. ಐ ಲೈಡ್. ಮದರ್ ಇನ್ ಲಾ ಆಲ್ಸೋ ಲೈಡ್."

ಮ್ಯಾನೇಜರಮ್ಮ ಕೈಚೀಲ ಹೆಗಲಿಗೇರಿಸಿದರು. ಎಲ್ಲಿ ಎಡವಿದೆನೆಂದು ಅವನಿಗೆ ಹೊಳೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲವಾಗುತ್ತಿತ್ತು. ಕಲಿತ ಇಂಗ್ಲಿಷೆಲ್ಲ ಖಾಲಿಯಾಗಿತ್ತು. ಬೇರೆ ದಾರಿ ಕಾಣದೆ ಚಪ್ಪಲಿ ಬಿಟ್ಟು, ನಾನು ಹೇಳಿದ್ದು ಇದನ್ನೇ ಎಂದು ಸನ್ನೆ ಮಾಡಿ, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣು ಮತ್ತೆ ತೆರೆಯಲಿಲ್ಲ. ರಾತ್ರಿ ನಿದ್ದೆಗೆಟ್ಟ ದೇಹ ಕೊರಡಿನಂತೆ ಬಿದ್ದುಕೊಂಡಿತು.

ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಯಜಮಾನರು ಭುಜ ಹಿಡಿದು ಅಲುಗಾಡಿಸಿದಾಗ ಮ್ಯಾನೇಜರಮ್ಮ ಇರಲಿಲ್ಲ. ಎಚ್ಚರವಾದವನೇ ಕೆಲಸ ಹೋಯಿತೆಂದುಕೊಂಡು ಚಪ್ಪಲಿ ಹುಡುಕತೊಡಗಿದ. ಯಜಮಾನರು ಅವನಿಗೆ ಮೊದಲು 'ಲೈಡ್' ಎಂಬುದರ ಅರ್ಥ ಹೇಳಿ ಬೆವರಿಳಿಸಿದರು. ಆಮೇಲೆ ಆರ್ಡರ್ ಸಿಕ್ಕಿದ್ದನ್ನು ಹೇಳಿದರು. ಮಲಗಿದ ಕ್ಷಣಕ್ಕೇ ಅವನು ನಿದ್ದೆಹೋದದ್ದನ್ನು ಕಂಡು ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸುಳ್ಳು ಹೇಳುವವರಿಗೆ ಇಂಥ ನಿದ್ದೆ ಬರುವುದಿಲ್ಲ ಎಂದು ಅಷ್ಟೂ ಹಾಸಿಗೆ ಬರೆಸಿ ಹೋದರಂತೆ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾದಿದ್ದಳು.

"ಆರ್ಡರ್ ಸಿಕ್ತಾ?"

"ಸಿಕ್ತು."

"ನೋಡಿದ್ರಾ, ನಾವಿಬ್ಬರೂ ಇಂಗ್ಲಿಷ್ ಮಾತಾಡಿದ್ದಕ್ಕೆ."

"ಅಲ್ಲ ಕಣೇ," ಎಂದ ಅವನು, ತಲೆ ತಗ್ಗಿಸಿ. "ಬಾಯ್ಮುಚ್ಕೊಂಡು ಮಲಗಿದ್ದಕ್ಕೆ."